‘ಆಗಿಬರಲ್ಲ’: ಪರದೇಶದ ಆಸ್ಪತ್ರೆಯಲ್ಲಿ ರೋಗಿಯ ಮಾತು

ಕಳೆದ ವರ್ಷ ಜೂನ್ ತಿಂಗಳಲ್ಲಿ, ಜರ್ಮನಿಯ ಒಂದು ಸಣ್ಣ ಊರಿನಲ್ಲಿ, ರಾತ್ರಿ ಹತ್ತೂವರೆಯ ಹೊತ್ತಿಗೆ ನಾನು ಒಂದು ಕಾಗದದ ಮೇಲೆ ತಪ್ಪು ಉತ್ತರ ಬರೆದೆ. ಸಂಶೋಧನಾ ವಿದ್ಯಾರ್ಥಿಗಳ ನಾಲ್ಕು ದಿನದ ಕಮ್ಮಟಕ್ಕೆಂದು ಅಲ್ಲಿಗೆ ಹೋಗಿದ್ದೆ. ಮೂರನೆಯ ದಿನ ಸಂಜೆ ಚಳಿಜ್ವರ ಬಂತು. ಬಲ ಪಕ್ಕೆಯ ಹಿಂದೆ, ಸೊಂಟಕ್ಕಿಂತ ಒಂದು ಗೇಣು ಮೇಲೆ, ನೋವು ಶುರುವಾಯಿತು. ಆ ದೇಶದಲ್ಲಿ ಜೀವಕ್ಕೆ ಅಪಾಯವೆಂದರೆ 112ಕ್ಕೆ ಫೋನ್ ಮಾಡಬೇಕು. ಅಷ್ಟು ಗಂಭೀರವಲ್ಲ, ಆದರೆ ಬೆಳಗಿನತನಕ ಕಾಯಲಾಗದು ಎನ್ನುವಂತಿದ್ದರೆ 116117ಕ್ಕೆ. ಜೊತೆಗಿದ್ದ ಪೋಲೆಂಡಿನ ಗೆಳತಿ ಎರಡನೆಯದಕ್ಕೆ ಮಾಡಿದಳು. ಅವರು ಹೇಳಿದ ರಾತ್ರಿಪಾಳಿಯ ಕ್ಲಿನಿಕ್ಕಿಗೆ ಹೋದೆವು. ಗಾಜಿನ ಕಿಟಕಿಯ ಆಚೆ ಕೂತಿದ್ದ ಹೆಂಗಸು ನನ್ನ ಪಾಸ್‌ಪೋರ್ಟನ್ನೂ, ವೀಸಾ ಸಿಗಬೇಕಾದರೆ ಮಾಡಿಸಲೇಬೇಕಾದ 30,000 ಯೂರೋ ವಿಮೆಯ ಕಾಗದವನ್ನೂ ನೋಡಿ, ಭರ್ತಿ ಮಾಡಲು ಒಂದು ಫಾರಂ ಕೊಟ್ಟರು. ಹೆಸರು, ಹುಟ್ಟಿದ ದಿನ, ಹಿಂದಿನ ಕಾಯಿಲೆಗಳು, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು. ‘ಅಲರ್ಜಿ’ ಎಂಬ ಪದ ಜರ್ಮನ್ನಿನಲ್ಲೂ ಹೆಚ್ಚುಕಡಿಮೆ ಅದೇ. ಅದರ ಮುಂದೆ ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದೆ.

ತಿಪಟೂರಿನಲ್ಲಿ ಯಾವ ಡಾಕ್ಟರ ಮುಂದೆ ಕೂತರೂ ಅಮ್ಮ ಮೊದಲು ಹೇಳುವ ಮಾತು ಒಂದೇ: “ನಮ್ಮ ಹುಡುಗೀಗೆ ಒಂದು ಮಾತ್ರೆ ಆಗಿಬರಲ್ಲ ಡಾಕ್ಟ್ರೇ.” ನನಗೆ ಐದು ವರ್ಷವಿದ್ದಾಗ ಯಾವುದೋ ಮಾತ್ರೆ ಕೊಟ್ಟು ಮೈಯೆಲ್ಲ ಗಂಧೆ ಎದ್ದಿತ್ತಂತೆ, ತುಟಿ ಊದಿಕೊಂಡಿತ್ತಂತೆ. ಇದನ್ನು ನಾನು ನೂರು ಸಲ ಕೇಳಿದ್ದೇನೆ. ಆದರೆ ಅದು ಅಮ್ಮ ಆಡುವ ಮಾತಾಗಿತ್ತು. ನನ್ನ ಮೈಗೆ ಸಂಬಂಧಪಟ್ಟ ಮಾಹಿತಿ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ‘ಆಗಿಬರಲ್ಲ’ ಎಂಬುದನ್ನು ‘ಅಲರ್ಜಿ’ ಎಂದು ನಾನು ಎಂದೂ ಅನುವಾದಿಸಿಕೊಂಡಿರಲಿಲ್ಲ.

ಅನುವಾದಿಸಿಕೊಳ್ಳದೆ ಇದ್ದುದಕ್ಕೆ ಕಾರಣವೂ ಇದೆ. ಕನ್ನಡದಲ್ಲಿ ಆ ಮಾತಿನ ಹರವು ತುಂಬ ದೊಡ್ಡದು. ಬದನೆಕಾಯಿ ಆಗಿಬರಲ್ಲ, ಥಂಡಿ ಊರು ಆಗಿಬರಲ್ಲ, ಆ ಮನೆ ಅವರಿಗೆ ಆಗಿಬರಲಿಲ್ಲ, ಅವರಿಬ್ಬರಿಗೂ ಆಗಿಬರಲ್ಲ. ಮೈ ಒಲ್ಲೆ ಎನ್ನುವುದು, ಮನಸ್ಸು ಒಲ್ಲೆ ಎನ್ನುವುದು, ಮನೆತನದ ಕಟ್ಟುಪಾಡು ಒಲ್ಲೆ ಎನ್ನುವುದು, ಕೆಲವೊಮ್ಮೆ ಬರೀ ಗ್ರಹಚಾರ ಒಲ್ಲೆ ಎನ್ನುವುದು: ಎಲ್ಲಕ್ಕೂ ಒಂದೇ ಕ್ರಿಯಾಪದ. ಆಸ್ಪತ್ರೆಯ ಫಾರಂ ಇವುಗಳಲ್ಲಿ ಒಂದನ್ನು ಮಾತ್ರ ಕೇಳುತ್ತದೆ. ಉಳಿದವನ್ನು ಹೇಳಲು ಅದರಲ್ಲಿ ಜಾಗವಿಲ್ಲ.

ಊರಿಗೆ ಮರಳಿದ ಮೇಲೆ, ಪರದೇಶದಲ್ಲಿ ಕಾಯಿಲೆ ಬಿದ್ದವರು ಬರೆದದ್ದನ್ನು ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಓದಿದೆ. ಆ ಓದಿನ ಫಲ ಈ ಬರಹ.

*

ಕಾಯಿಲೆ ಮತ್ತು ಭಾಷೆಯ ಬಗ್ಗೆ ಯೋಚಿಸುವವರು ಸಾಮಾನ್ಯವಾಗಿ ಎರಡು ಇಂಗ್ಲಿಷ್ ಬರಹಗಳಿಂದ ಹೊರಡುತ್ತಾರೆ. ಒಂದು, ವರ್ಜೀನಿಯಾ ವುಲ್ಫ್ 1926ರಲ್ಲಿ ಪ್ರಕಟಿಸಿದ ‘ಆನ್ ಬೀಯಿಂಗ್ ಇಲ್’ ಎಂಬ ಪ್ರಬಂಧ. ಹ್ಯಾಮ್ಲೆಟ್ಟನ ಚಿಂತನೆಗೆ ಮಾತು ಕೊಡಬಲ್ಲ ಇಂಗ್ಲಿಷಿನಲ್ಲಿ ತಲೆನೋವಿಗೆ, ಚಳಿಯ ನಡುಕಕ್ಕೆ ಮಾತಿಲ್ಲ ಎನ್ನುವುದು ಅಲ್ಲಿನ ದೂರು. ಇನ್ನೊಂದು, ಎಲೇನ್ ಸ್ಕ್ಯಾರಿ ಅವರ ‘ದಿ ಬಾಡಿ ಇನ್ ಪೇನ್’ (1985). ತೀವ್ರವಾದ ನೋವು ಭಾಷೆಗೆ ಸಿಕ್ಕುವುದಿಲ್ಲ, ಅಷ್ಟೇ ಅಲ್ಲ, ಇದ್ದ ಭಾಷೆಯನ್ನೂ ಹಾಳುಗೆಡವಿ ಮನುಷ್ಯನನ್ನು ಚೀರಾಟಕ್ಕೆ, ನರಳಾಟಕ್ಕೆ ಇಳಿಸುತ್ತದೆ ಎಂಬುದು ಅವರ ವಾದ. ಸೆಮಿನಾರುಗಳಲ್ಲಿ ನಾನೂ ಇದನ್ನು ಒಪ್ಪಿಸಿದ್ದೇನೆ.

ಆ ರಾತ್ರಿ ನನಗಾದ ಅನುಭವ ಇದಕ್ಕೆ ಹೊಂದುವುದಿಲ್ಲ. ನನಗೆ ಮಾತಿನ ಬರ ಇರಲಿಲ್ಲ. ಕನ್ನಡದಲ್ಲಿ ಹೊಟ್ಟೆ ನುಲಿಯುತ್ತದೆ, ತಲೆ ಸಿಡಿಯುತ್ತದೆ, ಎದೆ ಹಿಂಡುತ್ತದೆ, ಕಾಲು ಸೆಳೆಯುತ್ತದೆ, ಕೈ ಜೋಮು ಹಿಡಿಯುತ್ತದೆ, ಕಣ್ಣು ಚುಚ್ಚುತ್ತದೆ, ಗಾಯ ಚುರುಗುಟ್ಟುತ್ತದೆ. ಒಂದೊಂದು ಅಂಗಕ್ಕೂ ಅದರದೇ ಕ್ರಿಯಾಪದವಿದೆ. ನನ್ನ ಪಕ್ಕೆ ಹಿಡಿದುಕೊಂಡಿತ್ತು, ಉಸಿರೆಳೆದರೆ ಛಳಕ್ ಎನ್ನುತ್ತಿತ್ತು. ಇಂಗ್ಲಿಷಿನಲ್ಲೂ ಇಂಥ ಪದಗಳು ಇಲ್ಲದೆ ಇಲ್ಲ. ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಮೆಕ್‌ಗಿಲ್ ನೋವಿನ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಪದಗಳನ್ನು 20 ಗುಂಪುಗಳಲ್ಲಿ ಜೋಡಿಸಲಾಗಿದೆ. ವುಲ್ಫ್ ದೂರಿದಷ್ಟು ಬಡತನ ಅಲ್ಲೂ ಇರಲಿಲ್ಲ. ಆದರೆ ರಾತ್ರಿಪಾಳಿಯ ವೈದ್ಯರಿಗೆ 78 ಪದಗಳಿಗೆ ಸಮಯವಿಲ್ಲ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ನೋವು ಎಂದು ಕೇಳಿದರು. ಐದು ಎಂದೆ. ಪರಸ್ಥಳದಲ್ಲಿ ನಡುವಿನ ಅಂಕಿಯೇ ಮರ್ಯಾದೆಯದು ಅನ್ನಿಸಿತು.

ಹೀಗಾಗಿ ಪ್ರಶ್ನೆಯನ್ನೇ ಬೇರೆ ರೀತಿಯಲ್ಲಿ ಕೇಳಬೇಕು ಎನಿಸುತ್ತದೆ. ರೋಗಿಗೆ ತನ್ನ ನೋವನ್ನು ಬಣ್ಣಿಸಲು ಬರುತ್ತದೆಯೇ ಎಂಬುದನ್ನು ಸಾಹಿತ್ಯದವರು ಬೇಕಾದಷ್ಟು ಚರ್ಚಿಸಿದ್ದೇವೆ. ರೋಗಿ ‘ಇದು ನನಗೆ ಬೇಡ, ಆಗಿಬರಲ್ಲ’ ಎಂದಾಗ ಆ ಮಾತು ಏನಾಗುತ್ತದೆ ಎಂಬುದನ್ನು ಚರ್ಚಿಸಿದ್ದು ಕಡಿಮೆ. ಪರದೇಶದ ಆಸ್ಪತ್ರೆಯ ಕಥನಗಳಲ್ಲಿ ನಿಜವಾದ ಸಂಕಟ ಇರುವುದು ಈ ಎರಡನೆಯ ಕಡೆಯಲ್ಲಿ.

*

ಜಾರ್ಜ್ ಆರ್ವೆಲ್‌ನ ‘ಹೌ ದ ಪೂರ್ ಡೈ’ ಪ್ರಬಂಧವನ್ನು ಸಾಮಾನ್ಯವಾಗಿ ಬಡವರ ಆಸ್ಪತ್ರೆಯ ವರದಿಯಾಗಿ ಓದುತ್ತೇವೆ. ಹೆಸರೇ ಹಾಗೆ ಓದಿಸುತ್ತದೆ. ಅದು ಒಬ್ಬ ಪರದೇಶಿಯ ಕಾಯಿಲೆಯ ಕಥೆಯೂ ಹೌದು. 1929ರಲ್ಲಿ, ಇನ್ನೂ ಎರಿಕ್ ಬ್ಲೇರ್ ಆಗಿದ್ದ ಅವನು ಕೈಯಲ್ಲಿ ಕಾಸಿಲ್ಲದೆ ಪ್ಯಾರಿಸ್ಸಿನಲ್ಲಿದ್ದಾಗ ನ್ಯುಮೋನಿಯಾ ಆಗಿ ಕೊಶ್ಯಾಂ ಎಂಬ ಸಾರ್ವಜನಿಕ ಆಸ್ಪತ್ರೆ ಸೇರಿದ. ಪ್ರಬಂಧ ಅಚ್ಚಾದದ್ದು ಹದಿನೇಳು ವರ್ಷದ ನಂತರ, 1946ರಲ್ಲಿ, ‘ನೌ’ ಎಂಬ ಪತ್ರಿಕೆಯಲ್ಲಿ. ಅದರಲ್ಲಿ ಅವನು ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ‘ಎಕ್ಸ್’ ಎನ್ನುತ್ತಾನೆ.

ಪ್ರಬಂಧ ಶುರುವಾಗುವುದೇ ಪ್ರಶ್ನೆಗಳಿಂದ. ಒಳಗೆ ಬಿಡುವ ಮೊದಲು ಗುಮಾಸ್ತರು ಅವನನ್ನು ಸುಮಾರು ಇಪ್ಪತ್ತು ನಿಮಿಷ ನಿಲ್ಲಿಸಿ ವಿವರ ಕೇಳುತ್ತಾರೆ. ಫ್ರೆಂಚರ ರಿಯೋಮರ್ ಅಳತೆಯನ್ನು ತನ್ನ ಫ್ಯಾರನ್‌ಹೀಟಿಗೆ ತಿರುಗಿಸಿಕೊಳ್ಳಲೂ ಕೆಲವು ದಿನಗಳಿಂದ ಅವನಿಗೆ ತ್ರಾಣವಿಲ್ಲ. ಜ್ವರ 103ರ ಆಸುಪಾಸು ಇತ್ತು ಎಂಬುದಷ್ಟೇ ಗೊತ್ತು. ಈ ಒಂದು ವಿವರವನ್ನು ನಾನು ಮೊದಲ ಓದಿನಲ್ಲಿ ದಾಟಿ ಹೋಗಿದ್ದೆ. ಪರದೇಶದಲ್ಲಿ ಕಾಯಿಲೆ ಬಿದ್ದವನಿಗೆ ತನ್ನ ಜ್ವರ ಎಷ್ಟು ಎಂದು ತಿಳಿಯಲೂ ಒಂದು ಅನುವಾದ ಬೇಕು, ಅನುವಾದ ಮಾಡುವ ಶಕ್ತಿಯನ್ನು ಕಿತ್ತುಕೊಂಡಿರುವುದೂ ಅದೇ ಜ್ವರ.

ಬಾಗಿಲಲ್ಲಿ ಅಷ್ಟೊಂದು ಪ್ರಶ್ನೆ ಕೇಳಿದ ಆಸ್ಪತ್ರೆ ಹಾಸಿಗೆಯ ಬಳಿ ಒಂದನ್ನೂ ಕೇಳುವುದಿಲ್ಲ. ವೈದ್ಯನೂ ಒಬ್ಬ ವಿದ್ಯಾರ್ಥಿಯೂ ಎದುರಿನ ರೋಗಿಯ ಬೆನ್ನಿಗೆ ಗಾಜಿನ ಬಟ್ಟಲುಗಳನ್ನು ಕವುಚಿ ರಕ್ತ ಎಳೆಯುವುದನ್ನು ಅವನು ಮಲಗಿದಲ್ಲಿಂದ ನೋಡುತ್ತಾನೆ. ಇಂಥ ಚಿಕಿತ್ಸೆ ಕುದುರೆಗಳಿಗೆ ಮಾಡುವಂಥದ್ದು, ಈಗ ಯಾರೂ ಮಾಡುವುದಿಲ್ಲ ಎಂಬ ಭಾವನೆ ಅವನದು. ನೋಡಲು ಒಂದಿಷ್ಟು ಮಜವೂ ಇದೆ. ಮರುಕ್ಷಣ ಅವರಿಬ್ಬರೂ ಅವನ ಹಾಸಿಗೆಗೆ ಬಂದು, ಮಾತಿಲ್ಲದೆ ಅವನನ್ನು ಎತ್ತಿ ಕೂರಿಸಿ, ತೊಳೆಯದ ಅದೇ ಬಟ್ಟಲುಗಳನ್ನು ಅವನ ಬೆನ್ನಿಗೆ ಹಚ್ಚುತ್ತಾರೆ. ಅವನು ಕ್ಷೀಣ ದನಿಯಲ್ಲಿ ಬೇಡವೆನ್ನುತ್ತಾನೆ. ಪ್ರಾಣಿಯೊಂದು ಕೂಗಿದ್ದರೆ ಎಷ್ಟು ಗಮನ ಕೊಡುತ್ತಿದ್ದರೋ ಅಷ್ಟೇ ಕೊಡುತ್ತಾರೆ. ಆಮೇಲೆ ಸಾಸಿವೆಯ ಪಟ್ಟು. ಇಬ್ಬರು ದಾದಿಯರು ಎದೆಗೆ ಬಿಗಿದು ಕಟ್ಟುತ್ತಾರೆ. ಅಂಗಿ ತೊಟ್ಟು ಓಡಾಡುತ್ತಿದ್ದ ರೋಗಿಗಳು ಸುತ್ತ ನೆರೆದು ಅರ್ಧ ಅನುಕಂಪದಿಂದ ಹಲ್ಲುಕಿರಿಯುತ್ತಾರೆ. ಪಟ್ಟು ಹಾಕುವುದನ್ನು ನೋಡುವುದು ಆ ವಾರ್ಡಿನ ಮನರಂಜನೆ.

ಇಲ್ಲಿ ಅವನ ಫ್ರೆಂಚ್ ಕೈಕೊಟ್ಟಿತೇ? ಮೊದಲ ನೋಟಕ್ಕೆ ಹಾಗೆ ಕಾಣಬಹುದು. ಆದರೆ ಪ್ರಬಂಧ ಮುಂದುವರಿದಂತೆ ನಾವು ಕಾಣುವುದು ಬೇರೆ. ಫ್ರೆಂಚನ್ನೇ ತಾಯ್ನುಡಿಯಾಗಿ ಆಡುವ ರೋಗಿಗಳ ಜೊತೆಗೂ ಆ ವೈದ್ಯರು ಮಾತಾಡುವುದಿಲ್ಲ. 57ನೆಯ ನಂಬರಿನ ಮುದುಕ ಯಕೃತ್ತಿನ ಕಾಯಿಲೆಯಿಂದ ಸಾಯುತ್ತಿದ್ದಾನೆ. ಅವನನ್ನು ತಳ್ಳುಗಾಡಿಯಲ್ಲಿ ವಾರ್ಡಿನ ನಡುವೆ ತಂದು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾರೆ, ಅವನತ್ತ ಒಂದು ನಗು ಇಲ್ಲ, ಒಂದು ಮಾತಿಲ್ಲ. ಆರ್ವೆಲ್‌ನ ಎದೆಯ ಗೊರಗೊರ ಸದ್ದು ಒಳ್ಳೆಯ ಮಾದರಿಯಾದ್ದರಿಂದ ಕೆಲವೊಮ್ಮೆ ಒಂದು ಡಜನ್‌ನಷ್ಟು ವಿದ್ಯಾರ್ಥಿಗಳು ಸಾಲುನಿಂತು ಕಿವಿಗೊಡುತ್ತಾರೆ. ಎದೆಯೊಳಗಿನ ಸದ್ದನ್ನು ಕೇಳಲು ಅಷ್ಟು ಶ್ರದ್ಧೆ, ಬಾಯಿಂದ ಬರುವ ಸದ್ದಿಗೆ ಯಾವ ಶ್ರದ್ಧೆಯೂ ಇಲ್ಲ. ಈ ವ್ಯಂಗ್ಯವನ್ನು ಆರ್ವೆಲ್ ಬಿಡಿಸಿ ಹೇಳುವುದಿಲ್ಲ, ಪಕ್ಕಪಕ್ಕದಲ್ಲಿ ಇಟ್ಟು ಬಿಡುತ್ತಾನೆ.

ಸ್ಕ್ಯಾರಿ ಅವರ ವಾದವನ್ನು ಇಲ್ಲಿಟ್ಟು ನೋಡಿದರೆ ಅದರ ಒಂದು ಕೊರತೆ ಕಾಣುತ್ತದೆ. ನೋವು ಭಾಷೆಯನ್ನು ಹಾಳುಗೆಡವಿದ್ದರಿಂದ ಈ ವಾರ್ಡು ಮೂಕವಾಗಿಲ್ಲ. ರೋಗಿಗಳು ಮಾತಾಡುತ್ತಲೇ ಇದ್ದಾರೆ, ತಮ್ಮತಮ್ಮಲ್ಲಿ, ಬೇಕಾದಷ್ಟು. ಕೇಳಬೇಕಾದವರು ಕೇಳುತ್ತಿಲ್ಲ. ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಅಜ್ಜಿಯ ಜೊತೆ ಹತ್ತು ದಿನ ಕಳೆದ ನನಗೆ ಇದು ಪ್ಯಾರಿಸ್ಸಿನ ವಿಶೇಷ ಎನ್ನಿಸಲಿಲ್ಲ. ಹಾಸಿಗೆಯ ಈಚೆಗೆ ನಿಂತು ವೈದ್ಯರು ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ವಿವರಿಸುವಾಗ, ಹಾಸಿಗೆಯ ಮೇಲಿದ್ದ ಅಜ್ಜಿ ನನ್ನ ಮುಖ ನೋಡುತ್ತಿದ್ದಳು. ಅವಳು ತನ್ನದೇ ಜಿಲ್ಲೆಯಲ್ಲಿ ಪರದೇಶಿಯಾಗಿದ್ದಳು.

ಆರ್ವೆಲ್‌ಗೂ ಅಜ್ಜಿಗೂ ಒಂದು ವ್ಯತ್ಯಾಸವಿದೆ. ಚೇತರಿಸಿಕೊಂಡ ಕೂಡಲೇ, ವೈದ್ಯರು ಬಿಡುಗಡೆ ಮಾಡುವ ಮೊದಲೇ, ಅವನು ಅಲ್ಲಿಂದ ಓಡಿಹೋಗುತ್ತಾನೆ. ಹಾಸಿಗೆಯ ಮೇಲೆ ಬೇಡವೆಂದದ್ದು ನಡೆಯಲಿಲ್ಲ. ಕಾಲಿನ ಮೂಲಕ ಹೇಳಿದ ಬೇಡ ಮಾತ್ರ ನಡೆಯಿತು. 57ನೆಯ ನಂಬರಿನವನಿಗೆ ಆ ದಾರಿಯೂ ಇರಲಿಲ್ಲ.

*

ಆಂಟನ್ ಚೆಕಾಫ್‌ನದು ಇದಕ್ಕೆ ತೀರ ವಿರುದ್ಧವಾದ ಪ್ರಸಂಗ. ಅಲ್ಲಿ ರೋಗಿ ಸ್ವತಃ ವೈದ್ಯ. ಕ್ಷಯ ಉಲ್ಬಣಿಸಿದ್ದ ಅವನು 1904ರ ಬೇಸಿಗೆಯಲ್ಲಿ ಹೆಂಡತಿ ಓಲ್ಗಾ ನಿಪ್ಪರ್ ಜೊತೆ ಜರ್ಮನಿಯ ಬಾಡೆನ್‌ವೈಲರ್ ಎಂಬ ಆರೋಗ್ಯಧಾಮದ ಊರಿಗೆ ಹೋದ. ಅಲ್ಲಿಂದ ಮನೆಯವರಿಗೆ ಬರೆದ ಕಾಗದಗಳಲ್ಲಿ ಆರೋಗ್ಯ ಚೆನ್ನಾಗಿ ಸುಧಾರಿಸುತ್ತಿದೆ ಎಂದೇ ಬರೆದ. ಜುಲೈ ತಿಂಗಳ ಒಂದು ರಾತ್ರಿ ಹೋಟೆಲಿಗೆ ಜರ್ಮನ್ ವೈದ್ಯರು ಬಂದಾಗ ಅವನು ಎದ್ದು ಕೂತು, ತನಗೆ ತೀರ ಕಡಿಮೆ ಗೊತ್ತಿದ್ದ ಜರ್ಮನ್ ಭಾಷೆಯಲ್ಲಿ, ತಾನು ಸಾಯುತ್ತಿದ್ದೇನೆ ಎಂದು ಗಟ್ಟಿಯಾಗಿ ಹೇಳಿದ ಎಂದು ಓಲ್ಗಾ ಬರೆದಿದ್ದಾಳೆ. ಆಮೇಲೆ ಷಾಂಪೇನಿನ ಲೋಟ ಎತ್ತಿಕೊಂಡು, ಇದನ್ನು ಕುಡಿದು ಬಹಳ ದಿನವಾಯಿತು ಎಂದು ಹೆಂಡತಿಗೆ ಹೇಳಿ, ಪೂರ್ತಿ ಕುಡಿದು, ಎಡಮಗ್ಗುಲಿಗೆ ಹೊರಳಿ ಮಲಗಿದ.

ಈ ಸಾವಿನ ಷಾಂಪೇನ್ ಬಗ್ಗೆಯೇ ಎಲ್ಲರೂ ಬರೆದಿದ್ದಾರೆ. ನನ್ನ ಗಮನ ಹೋಗುವುದು ಭಾಷೆಗಳ ಹಂಚಿಕೆಯ ಕಡೆಗೆ. ತಾಯ್ನುಡಿಯಲ್ಲಿ ಮನೆಗೆ ಬರೆದದ್ದು ಸಮಾಧಾನದ ಸುಳ್ಳು. ಬಾರದ ಭಾಷೆಯಲ್ಲಿ ವೈದ್ಯನಿಗೆ ಹೇಳಿದ್ದು ನಿಜ. ತಾಯ್ನುಡಿಯಲ್ಲೇ ನಾವು ಸತ್ಯವನ್ನು ಹೇಳಬಲ್ಲೆವು ಎಂಬ ನಮ್ಮ ಪ್ರೀತಿಯ ನಂಬಿಕೆಗೆ ಇದು ಒಗ್ಗುವುದಿಲ್ಲ. ನಮ್ಮವರ ಮುಂದೆ ಹೇಳಲಾಗದ್ದನ್ನು ಪರಭಾಷೆಯಲ್ಲಿ, ಪರಕೀಯನ ಮುಂದೆ ಹೇಳಿಬಿಡಬಹುದು. ಆ ರಾತ್ರಿ ಚೆಕಾಫ್‌ನ ಜರ್ಮನ್ ಸಾಕಾಯಿತು, ಏಕೆಂದರೆ ಎದುರಿಗಿದ್ದವನು ಅವನನ್ನು ಇನ್ನೊಬ್ಬ ವೈದ್ಯ ಎಂದು, ತಿಳಿದವನು ಎಂದು ಕೇಳಿಸಿಕೊಂಡ. ಆರ್ವೆಲ್‌ನ ಫ್ರೆಂಚ್ ಇದಕ್ಕಿಂತ ಎಷ್ಟೋ ಉತ್ತಮವಾಗಿತ್ತು. ಆದರೂ ಅದು ಸಾಲಲಿಲ್ಲ.

*

‘ಆಗಿಬರಲ್ಲ’ ಎಂಬ ಮಾತನ್ನು ಅದರ ಪೂರ್ತಿ ಹರವಿನಲ್ಲಿ ಕಾಣಬೇಕಾದರೆ ಗಾಂಧಿಯವರ ಆತ್ಮಕಥೆಗೆ ಬರಬೇಕು. ಹೈಸ್ಕೂಲಿನಲ್ಲಿ ಅದನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರರ ಕನ್ನಡದಲ್ಲಿ ಓದಿದ್ದೆ. ದಕ್ಷಿಣ ಆಫ್ರಿಕದ ಭಾಗದಲ್ಲಿ ಕಸ್ತೂರಬಾ ಅವರ ಧೈರ್ಯವನ್ನು ಕುರಿತ ಅಧ್ಯಾಯವಿದೆ. ಆಗ ಅದು ವ್ರತನಿಷ್ಠೆಯ ಕಥೆಯಾಗಿ ಕಂಡಿತ್ತು. ಈಗ ಅದು ಒಂದು ಆಸ್ಪತ್ರೆಯ ಕಥೆ, ಬಹಳ ಜಟಿಲವಾದದ್ದು.

ಪದೇ ಪದೇ ರಕ್ತಸ್ರಾವವಾಗುತ್ತಿದ್ದ ಕಸ್ತೂರಬಾ ಅವರಿಗೆ ಡರ್ಬನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಗುತ್ತದೆ. ತೀರ ಸೊರಗಿದ್ದರಿಂದ ಕ್ಲೋರೋಫಾರಂ ಕೊಡದೆಯೇ ಮಾಡುತ್ತಾರೆ. ವೈದ್ಯ ಗಾಂಧಿಯವರ ಗೆಳೆಯ. ಅವನೂ ಅವನ ಹೆಂಡತಿಯೂ ಪ್ರೀತಿಯಿಂದ ಆರೈಕೆ ಮಾಡುವವರು. ಗಾಂಧಿ ಜೋಹಾನ್ಸ್‌ಬರ್ಗಿಗೆ ಹೋಗಿದ್ದಾಗ ವೈದ್ಯನ ಫೋನ್ ಬರುತ್ತದೆ: ಸ್ಥಿತಿ ಕೆಟ್ಟಿದೆ, ಗೋಮಾಂಸದ ಸಾರು ಕೊಡಲು ಒಪ್ಪಿಗೆ ಬೇಕು. ಆಕೆಯನ್ನೇ ಕೇಳಿ ಎನ್ನುತ್ತಾರೆ ಗಾಂಧಿ. ಇಂಥ ವಿಷಯದಲ್ಲಿ ರೋಗಿಯನ್ನು ಕೇಳುವುದಿಲ್ಲ ಎನ್ನುತ್ತಾನೆ ವೈದ್ಯ. ಗಾಂಧಿ ರೈಲು ಹತ್ತಿ ಡರ್ಬನ್ನಿಗೆ ಬಂದರೆ ಗೊತ್ತಾಗುತ್ತದೆ, ಫೋನ್ ಮಾಡುವ ಹೊತ್ತಿಗೆ ಸಾರು ಕೊಟ್ಟಾಗಿತ್ತು! ಇದು ಮೋಸ ಎನ್ನುತ್ತಾರೆ ಗಾಂಧಿ. ಜೀವ ಉಳಿಯುವುದಾದರೆ ರೋಗಿಯನ್ನೋ ಮನೆಯವರನ್ನೋ ವಂಚಿಸುವುದನ್ನು ವೈದ್ಯರು ಪುಣ್ಯವೆಂದೇ ತಿಳಿಯುತ್ತಾರೆ ಎಂದು ಅವನ ಉತ್ತರ. ನನ್ನ ಚಿಕಿತ್ಸೆಯಲ್ಲಿರುವತನಕ ನಾನು ಬೇಕೆಂದದ್ದನ್ನು ಕೊಡುತ್ತೇನೆ, ಒಪ್ಪದಿದ್ದರೆ ಕರೆದುಕೊಂಡು ಹೋಗಿ ಎನ್ನುತ್ತಾನೆ.

ಆ ವೈದ್ಯನನ್ನು ಖಳನಾಯಕ ಎನ್ನಲಾರೆ. ಅವನು ಮುಚ್ಚಿಡಲಿಲ್ಲ, ಒಪ್ಪಿಕೊಂಡ. ಕೊಶ್ಯಾಂ ಆಸ್ಪತ್ರೆಯ ಉಪೇಕ್ಷೆ ಇವನಲ್ಲಿಲ್ಲ; ಇವನ ತಪ್ಪು ಅತಿ ಅಕ್ಕರೆಯದು. ರೋಗಿಯ ಮಾತನ್ನು ಕೇಳದೆ ಇರಲು ತಾತ್ಸಾರ ಒಂದು ದಾರಿ, ಕಾಳಜಿ ಇನ್ನೊಂದು ದಾರಿ. ಎರಡೂ ಕಡೆ ಹಾಸಿಗೆಯ ಮೇಲಿರುವವರ ಬಾಯಿಗೆ ಬೆಲೆಯಿಲ್ಲ.

ಇನ್ನು ಗಾಂಧಿ. ಹೆಂಡತಿಯ ಬಳಿಗೆ ಹೋಗಿ ಕೇಳುತ್ತಾರೆ. ಆಕೆ ಬೇಡ ಎನ್ನುತ್ತಾರೆ. ನನ್ನನ್ನು ಅನುಸರಿಸಬೇಕಿಲ್ಲ, ಔಷಧಿಯೆಂದು ಮಾಂಸ ಮದ್ಯ ತೆಗೆದುಕೊಂಡ ಹಿಂದೂ ಗೆಳೆಯರಿದ್ದಾರೆ ಎಂದು ಇವರು ವಾದಿಸಿ ನೋಡಿದರೂ ಆಕೆ ಕದಲುವುದಿಲ್ಲ, ಈಗಲೇ ಇಲ್ಲಿಂದ ಕರೆದೊಯ್ಯಿರಿ ಎನ್ನುತ್ತಾರೆ. ಹನಿ ಮಳೆಯಲ್ಲಿ ರಿಕ್ಷಾದಲ್ಲಿ ಸ್ಟೇಷನ್ನಿಗೆ, ರೈಲಿನಲ್ಲಿ ಫೀನಿಕ್ಸಿಗೆ, ಅಲ್ಲಿಂದ ಆಶ್ರಮಕ್ಕೆ ಆರು ಜನ ಹೊತ್ತ ಜೋಲಿಯಲ್ಲಿ. ಓದುವಾಗ ನನಗೆ ಸಿಟ್ಟು ಬರುತ್ತದೆ, ಇಂದಿಗೂ. ನಿತ್ರಾಣಳಾದ ಹೆಂಡತಿಯ ಎದುರು ಆ ಗಂಡ ನಿಂತು ಕೇಳಿದಾಗ ಬರುವ ಉತ್ತರ ಎಷ್ಟರ ಮಟ್ಟಿಗೆ ಆಕೆಯದು? ಆಕೆಗೂ ವೈದ್ಯನಿಗೂ ನಡುವಿನ ಮಾತೆಲ್ಲ ಗಂಡನ ಮೂಲಕವೇ ಹಾದುಹೋಗುತ್ತದೆ. ನಮಗೆ ತಲುಪುವುದೂ ಗಂಡ ಬರೆದ ಪುಸ್ತಕದ ಮೂಲಕವೇ. ಎರಡು ಸಲ ಅನುವಾದವಾದ ‘ಬೇಡ’ ಅದು.

ಇನ್ನೊಂದು ತೊಡಕೂ ಇದೆ. ಇಲ್ಲಿನ ‘ಆಗಿಬರಲ್ಲ’ ಬರೀ ಮೈಯ ಮಾತಲ್ಲ, ಶುದ್ಧಿ ಅಶುದ್ಧಿಯ ಮಾತು, ಜಾತಿಯ ಮಾತು. ಅದೇ ಸಾರನ್ನ ಬಾಣಂತಿಗೆ, ಕಾಯಿಲೆಯವರಿಗೆ ಪ್ರೀತಿಯಿಂದ ಕುಡಿಸುವ ಮನೆಗಳು ನಮ್ಮ ನಾಡಿನಲ್ಲೇ ಇವೆ. ಆ ಮನೆಯ ಮಗಳೊಬ್ಬಳು ಈ ಅಧ್ಯಾಯ ಓದಿದರೆ, ತನ್ನ ಅನ್ನವನ್ನು ಸಾವಿಗಿಂತ ಕೀಳು ಎಂದು ಕಂಡದ್ದನ್ನು ಧೈರ್ಯ ಎನ್ನಲು ಅವಳಿಗೆ ಮನಸ್ಸಾಗಲಿಕ್ಕಿಲ್ಲ. ಆ ಓದನ್ನು ನಾನು ತಳ್ಳಿಹಾಕಲಾರೆ. ಹಾಗೆಂದು, ನಂಬಿಕೆ ಸರಿಯಿಲ್ಲದ್ದರಿಂದ ರೋಗಿಯನ್ನು ವಂಚಿಸಬಹುದು ಎಂದೂ ಒಪ್ಪಲಾರೆ. ರೋಗಿಯ ‘ಬೇಡ’ಕ್ಕೆ ಬೆಲೆ ಕೊಡುವುದೆಂದರೆ ನಮಗೆ ಇಷ್ಟವಾಗದ ‘ಬೇಡ’ಕ್ಕೂ ಬೆಲೆ ಕೊಡುವುದು.

ಈ ಅಧ್ಯಾಯವನ್ನು ನನ್ನ ಪಾಲಿಗೆ ಉಳಿಸುವುದು ಅದರ ಕೊನೆ. ಫೀನಿಕ್ಸಿಗೆ ಒಬ್ಬ ಸ್ವಾಮಿ ಬರುತ್ತಾರೆ. ಮನುಸ್ಮೃತಿಯ ಆಧಾರ ಕೊಟ್ಟು, ಔಷಧಿಯಾಗಿ ಮಾಂಸ ತಿನ್ನುವುದರಲ್ಲಿ ದೋಷವಿಲ್ಲ ಎನ್ನುತ್ತಾರೆ. ಗಾಂಧಿ ಅವರೊಡನೆ ಚರ್ಚೆಗಿಳಿಯುತ್ತಾರೆ. ಆಗ ಕಸ್ತೂರಬಾ ನಡುವೆ ಬಾಯಿ ಹಾಕಿ, ನೀವು ಏನೇ ಹೇಳಿ, ಆ ಸಾರಿನಿಂದ ಗುಣವಾಗುವುದು ನನಗೆ ಬೇಕಿಲ್ಲ, ನನ್ನನ್ನು ಇನ್ನು ಪೀಡಿಸಬೇಡಿ, ಬೇಕಾದರೆ ಗಂಡ ಮಕ್ಕಳ ಜೊತೆ ಚರ್ಚಿಸಿಕೊಳ್ಳಿ ಎಂಬರ್ಥದ ಮಾತು ಹೇಳುತ್ತಾರೆ. ಅಧ್ಯಾಯ ಅಲ್ಲಿಗೆ ನಿಲ್ಲುತ್ತದೆ. ವೈದ್ಯ, ಗಂಡ, ಸ್ವಾಮಿ ಮೂವರೂ ಆಕೆಯ ಮೈಯ ಬಗ್ಗೆ ಮಾತಾಡಿ ಮುಗಿಸಿದ ಮೇಲೆ, ಚರ್ಚೆಯನ್ನು ಗಂಡಸರಿಗೆ ಬಿಟ್ಟುಕೊಟ್ಟು ತೀರ್ಮಾನವನ್ನು ತಾನಿಟ್ಟುಕೊಂಡ ಹೆಂಗಸಿನ ದನಿ ಅದು. ಬರೆದವರು ಗಾಂಧಿಯೇ ಇರಬಹುದು, ಅಲ್ಲಿ ಮಾತ್ರ ಆಕೆ ಅವರ ಹಿಡಿತದಿಂದ ಆಚೆ ನಿಂತಂತೆ ನನಗೆ ಕೇಳಿಸುತ್ತದೆ.

ಅದೇ ಪುಸ್ತಕದಲ್ಲಿ ಗಾಂಧಿಯವರೂ ಪರದೇಶದಲ್ಲಿ ರೋಗಿಯಾಗುತ್ತಾರೆ. ದಕ್ಷಿಣ ಆಫ್ರಿಕ ಬಿಟ್ಟು ಊರಿಗೆ ಮರಳುವ ದಾರಿಯಲ್ಲಿ 1914ರ ಆಗಸ್ಟಿನಲ್ಲಿ ಲಂಡನ್ನಿಗೆ ಬಂದಿಳಿಯುವ ಹೊತ್ತಿಗೆ ಯುದ್ಧ ಶುರುವಾಗಿತ್ತು. ಅಲ್ಲಿ ಪಕ್ಕೆಯ ಊತವಾಗಿ ಹಾಸಿಗೆ ಹಿಡಿದರು. ಉಪಚರಿಸಿದವರು ಮುಂದೆ ಗುಜರಾತಿನ ಮೊದಲ ಮುಖ್ಯಮಂತ್ರಿಯಾದ ಡಾಕ್ಟರ್ ಜೀವರಾಜ ಮೆಹತಾ. ಹಾಲು, ಧಾನ್ಯ ತೆಗೆದುಕೊಳ್ಳಿ ಎಂದು ಅವರು ಒತ್ತಾಯಿಸುತ್ತಾರೆ, ಗೋಖಲೆಯವರೂ ಒತ್ತಾಯಿಸುತ್ತಾರೆ. ಗಾಂಧಿ ಒಂದು ದಿನದ ಸಮಯ ಕೇಳಿ, ಯೋಚಿಸಿ, ಹಾಲು ಆಗದು ಎನ್ನುತ್ತಾರೆ. ಗೋಖಲೆಯವರಿಗೆ ಬೇಸರವಾಗುತ್ತದೆ, ಆದರೂ ಇನ್ನು ಒತ್ತಾಯಿಸಬೇಡಿ ಎಂದು ವೈದ್ಯರಿಗೆ ಹೇಳುತ್ತಾರೆ. ಲೇಡಿ ಸಿಸಿಲಿಯಾ ರಾಬರ್ಟ್ಸ್ ಹಾಲಿಲ್ಲದ ಪುಡಿ ಎಂದು ನಂಬಿ ಮಾಲ್ಟೆಡ್ ಮಿಲ್ಕ್ ಕಳಿಸುತ್ತಾರೆ. ಒಂದು ಚಮಚ ಕುಡಿದರೆ ಹಾಲಿನ ರುಚಿ. ಬಾಟಲಿಯ ಚೀಟಿ ಓದಿದರೆ ಹಾಲಿನದೇ! ಆ ಹೆಂಗಸು ಓಡಿ ಬಂದು ಕ್ಷಮೆ ಕೇಳುತ್ತಾರೆ.

ಡರ್ಬನ್ನಿನ ಸಾರಿನ ಪಕ್ಕದಲ್ಲಿ ಈ ಹಾಲಿನ ಚಮಚವನ್ನಿಟ್ಟು ನೋಡಿ. ಅಲ್ಲಿ ತಿಳಿದೇ ಕೊಟ್ಟವನು ಅದನ್ನು ಪುಣ್ಯವೆನ್ನುತ್ತಾನೆ. ಇಲ್ಲಿ ತಿಳಿಯದೆ ಕೊಟ್ಟವರು ಕ್ಷಮೆ ಕೇಳುತ್ತಾರೆ. ಇಬ್ಬರು ಕೊಟ್ಟವರ ಸ್ವಭಾವದಲ್ಲಷ್ಟೇ ವ್ಯತ್ಯಾಸವಿಲ್ಲ, ಪಡೆದವರ ಸ್ಥಾನದಲ್ಲೂ ಇದೆ. ಲಂಡನ್ನಿನ ರೋಗಿ ಇಂಗ್ಲಿಷ್ ಬಲ್ಲ ಬ್ಯಾರಿಸ್ಟರ್. ಅವರ ವೈದ್ಯರು ಅವರ ತಾಯ್ನುಡಿ ಬಲ್ಲವರು, ಹಾಸಿಗೆಯ ಪಕ್ಕದಲ್ಲಿ ಗೋಖಲೆ. ಬಾಟಲಿಯ ಚೀಟಿಯನ್ನು ಸ್ವತಃ ಓದಿಕೊಳ್ಳುವ ಶಕ್ತಿ ಅವರಿಗಿದೆ. ಅವರ ‘ಬೇಡ’ವನ್ನು ಕೇಳಲು ಇಷ್ಟು ಜನ ಇದ್ದರು. ಕಸ್ತೂರಬಾ ತಮ್ಮ ‘ಬೇಡ’ಕ್ಕೆ ಆಸ್ಪತ್ರೆಯನ್ನೇ ಬಿಟ್ಟು ಮಳೆಯಲ್ಲಿ ಹೋಗಬೇಕಾಯಿತು. ಆರ್ವೆಲ್ ಓಡಿದ ದಾರಿಯೂ ಅದೇ.

*

ನನ್ನ ಕಥೆ ಇಷ್ಟು ದೊಡ್ಡದಲ್ಲ. ಮೂತ್ರದ ಸೋಂಕು ಮೂತ್ರಪಿಂಡದ ಕಡೆಗೆ ಏರುತ್ತಿದೆ ಎಂದು ವೈದ್ಯೆ ಹೇಳಿದರು. ಪ್ರಿಸ್ಕ್ರಿಪ್ಷನ್ ಬರೆಯಲು ಹೊರಟವರು ಫಾರಂ ನೋಡಿ, ತಡೆದು, ನಿಧಾನದ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕೇಳಿದರು. ಅಲರ್ಜಿ ಎಂಬ ಪದವನ್ನು ಅವರು ಈ ಸಲ ಬಳಸಲಿಲ್ಲ. ಚಿಕ್ಕಂದಿನಲ್ಲಿ ಯಾವುದಾದರೂ ಔಷಧಿಯಿಂದ ತೊಂದರೆಯಾಗಿತ್ತೇ ಎಂದರು. ಆಗ ಅಮ್ಮನ ದನಿ ಕಿವಿಯಲ್ಲಿ ಕೇಳಿಸಿತು. ಹೌದು, ಆದರೆ ಯಾವುದು ಗೊತ್ತಿಲ್ಲ ಎಂದೆ. ಗೊತ್ತಿರುವವರು ಯಾರು ಎಂದರು. ಅಮ್ಮ ಎಂದೆ. ಹಾಗಾದರೆ ಫೋನ್ ಮಾಡಿ ಎಂದರು.

ಊರಿನಲ್ಲಿ ಆಗ ಬೆಳಗಿನ ಜಾವ ಮೂರು ಗಂಟೆ. ಎರಡನೆಯ ರಿಂಗಿಗೇ ಅಮ್ಮ ಎತ್ತಿದಳು. ಬಯ್ಯಲಿಲ್ಲ, ಗಾಬರಿಯನ್ನೂ ತೋರಿಸಲಿಲ್ಲ. ಬೀರುವಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ಹಳೆಯ ಚೀಟಿಗಳ ಫೈಲು ತೆಗೆದು, ಕನ್ನಡಕ ಹುಡುಕಿ, ಓದಿದಳು. “ಸಲ್ಫಾ ಅಂತ ಬರೆದವ್ರೆ ನೋಡು. ಅದ್ರ ಮುಂದೆ ಕೆಂಪು ಇಂಕಲ್ಲಿ ಗೆರೆ ಎಳೆದವ್ರೆ.” ಸ್ಪೀಕರಿನಲ್ಲಿದ್ದ ಆ ಮಾತಿನಲ್ಲಿ ವೈದ್ಯೆಗೆ ಒಂದೇ ಪದ ಅರ್ಥವಾಯಿತು. ಸಾಕಾಯಿತು. ಬರೆಯಬೇಕೆಂದಿದ್ದ ಔಷಧಿಯಲ್ಲಿ ಅದೇ ಇತ್ತು. ಹಾಳೆಯನ್ನು ಹರಿದು ಇನ್ನೊಂದನ್ನು ಬರೆದುಕೊಟ್ಟರು. ರಾತ್ರಿಪಾಳಿಯ ಔಷಧಿ ಅಂಗಡಿಯ ಸಣ್ಣ ಕಿಂಡಿಯಲ್ಲಿ ಕೈಚಾಚಿ, ರಾತ್ರಿ ಸೇವೆಗೆಂದು 2.50 ಯೂರೋ ಹೆಚ್ಚಿಗೆ ಕೊಟ್ಟು ಮಾತ್ರೆ ತಂದೆವು.

ಇದರಿಂದ ಜರ್ಮನಿಯ ವೈದ್ಯರೆಲ್ಲ ಹೀಗೆ ಎಂದೇನೂ ಹೇಳಲಾರೆ. ಆ ವೈದ್ಯೆಗೆ ಆ ರಾತ್ರಿ ರೋಗಿಗಳು ಕಡಿಮೆಯಿದ್ದರು, ನನ್ನ ಕೈಯಲ್ಲಿ ವಿಮೆಯಿತ್ತು, ಜೊತೆಗೆ ಗೆಳತಿಯಿದ್ದಳು, ಅರೆಬರೆ ಇಂಗ್ಲಿಷ್ ಇಬ್ಬರಿಗೂ ಬರುತ್ತಿತ್ತು. ಇವುಗಳಲ್ಲಿ ಒಂದು ತಪ್ಪಿದ್ದರೂ ನನ್ನ ಗುರುತು ಹಾಕಿದ ಚೌಕವೇ ಕೊನೆಯ ಮಾತಾಗುತ್ತಿತ್ತು. ಆದರೆ ಕಾಯಿಲೆಯ ಸಾಹಿತ್ಯವನ್ನು ಓದುವ ನನ್ನ ಕ್ರಮ ಆ ಐದು ನಿಮಿಷದಲ್ಲಿ ಬದಲಾಯಿತು. ರೋಗಿಯ ಭಾಷೆ ಎಷ್ಟು ಸಮರ್ಥ ಎಂದು ಅಳೆಯುವುದನ್ನು ಬಿಟ್ಟು, ಎದುರಿಗಿದ್ದವರು ಎರಡನೆಯ ಸಲ ಕೇಳಿದರೇ ಎಂದು ನೋಡತೊಡಗಿದ್ದೇನೆ. ಪ್ಯಾರಿಸ್ಸಿನಲ್ಲಿ ಕೇಳಲಿಲ್ಲ. ಡರ್ಬನ್ನಿನಲ್ಲಿ ವೈದ್ಯ ಕೇಳಲಿಲ್ಲ, ಗಂಡ ಕೇಳಿದ.

ಮಾರನೆಯ ದಿನ ಜ್ವರ ಇಳಿದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಹೊಸ ಮಾತ್ರೆಯ ಹೆಸರು ಓದಿ ಹೇಳು ಎಂದಳು, ಒಂದೊಂದೇ ಅಕ್ಷರ ಬರೆದುಕೊಂಡಳು. ಕೊನೆಯಲ್ಲಿ, “ಇದು ಆಗಿಬಂತು ತಾನೆ?” ಎಂದಳು. ಹೂಂ, ಆಗಿಬಂತು ಎಂದೆ. ಅದನ್ನೂ ಬರೆದುಕೊಂಡಿರಬೇಕು.